ಹೋಂ ಸ್ಟೇಗಳ ಶುಚಿತ್ವ ಸಿಬ್ಬಂದಿಯ ವೇತನ: ಲೆಕ್ಕ ಹಾಕುವ ಬಗೆ ಮತ್ತು ಪಂಚಾಯಿತಿಯ ಪಾತ್ರ

(ಸದಸ್ಯರ ಅಧ್ಯಯನಕ್ಕಾಗಿ)



ಕೊಡಗು, ಚಿಕ್ಕಮಗಳೂರು ಮೊದಲಾದ ಮಲೆನಾಡು ಭಾಗಗಳಲ್ಲಿ ಹೋಂ ಸ್ಟೇಗಳು ಗ್ರಾಮೀಣ ಆದಾಯದ ಒಂದು ಮುಖ್ಯ ಮೂಲವಾಗಿವೆ. ಅತಿಥಿಗಳು ತೆರಳಿದ ಬಳಿಕ ಕೋಣೆ ಗುಡಿಸಿ ಒರೆಸುವುದು, ಶೌಚಾಲಯ ತೊಳೆಯುವುದು, ಹಾಸಿಗೆಯ ಬಟ್ಟೆ ಬದಲಿಸುವುದು, ಇವೆಲ್ಲ ಬಹುಪಾಲು ನಮ್ಮ ಗ್ರಾಮಗಳ ಮಹಿಳೆಯರ ದುಡಿಮೆ. ಈ ದುಡಿಮೆಗೆ ಅನೇಕ ಕಡೆ ಲಿಖಿತ ದರವೂ ಇಲ್ಲ, ಹಾಜರಾತಿಯೂ ಇಲ್ಲ. ‘ಕೋಣೆಗೆ ಇಷ್ಟು’ ಎಂಬ ಬಾಯಿಮಾತಿನ ಒಪ್ಪಂದದ ಮೇಲೆ ಕೆಲಸ ನಡೆಯುತ್ತದೆ. ಅತಿಥಿ ಬಂದರೆ ಕೂಲಿ, ಬಾರದಿದ್ದರೆ ಇಲ್ಲ. ವ್ಯಾಪಾರದ ಏರಿಳಿತದ ಭಾರವನ್ನು ಲಾಭದಲ್ಲಿ ಪಾಲಿಲ್ಲದ ಕೆಲಸಗಾರ್ತಿಯೇ ಹೊರುವುದು ನ್ಯಾಯವಲ್ಲ. ಕಾನೂನೂ ಇದನ್ನು ಒಪ್ಪುವುದಿಲ್ಲ.

1. ಕಾನೂನಿನ ಮೂಲ ತತ್ವಗಳು

1948ರ ಕನಿಷ್ಠ ವೇತನ ಕಾಯ್ದೆಯಲ್ಲಿದ್ದ ಈ ಕೆಳಗಿನ ತತ್ವಗಳನ್ನು 2019ರ ವೇತನ ಸಂಹಿತೆಯೂ ಮುಂದುವರಿಸಿದೆ.

ಅ) ತುಂಡುಗುತ್ತಿಗೆಯ ದರದಲ್ಲಿ, ಅಂದರೆ ಕೋಣೆಯ ಲೆಕ್ಕದಲ್ಲಿ, ಕೂಲಿ ಕೊಡಬಹುದು. ಆದರೆ ಕಾಲಾವಧಿಗೆ ಕನಿಷ್ಠ ದರ ನಿಗದಿಯಾಗಿರುವಲ್ಲಿ ಒಟ್ಟು ಕೂಲಿ ಅದಕ್ಕಿಂತ ಕಡಿಮೆಯಾಗುವಂತಿಲ್ಲ.

ಆ) ದಿನಗೂಲಿಯ ಮೇಲೆ ಕರೆದು, ಕೆಲಸ ಬೇಗ ಮುಗಿಯಿತೆಂದು ಮಾಲೀಕರೇ ಕಳುಹಿಸಿದರೆ ಇಡೀ ದಿನದ ವೇತನ ಸಲ್ಲಬೇಕು. ಕೆಲಸಗಾರರೇ ಕೆಲಸ ಮಾಡಲು ಒಪ್ಪದಿದ್ದಲ್ಲಿ ಈ ನಿಯಮ ಅನ್ವಯಿಸದು.

ಇ) ಸಾಮಾನ್ಯ ದುಡಿಮೆಯ ಅವಧಿಯನ್ನು ಮೀರಿದ ಪ್ರತಿ ಗಂಟೆಗೂ ಎರಡು ಪಟ್ಟು ದರ ಸಲ್ಲಬೇಕು.

ಇವುಗಳ ಜೊತೆಗೆ, ಒಂದೇ ಬಗೆಯ ಕೆಲಸಕ್ಕೆ ಸ್ತ್ರೀ ಪುರುಷರೆಂಬ ವೇತನ ಭೇದ ಕೂಡದೆಂಬ ನಿಯಮ 1976ರಿಂದಲೂ ಇದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ಅನುಚ್ಛೇದ ನಿಷೇಧಿಸಿರುವ ಬಲವಂತದ ದುಡಿಮೆಯೇ ಆಗುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣದಲ್ಲಿ ತೀರ್ಪಿತ್ತಿದೆ.

2. ಲೆಕ್ಕ ಹಾಕುವ ಕ್ರಮ

ಮೊದಲು ಕೆಲಸದ ಸಮಯವನ್ನು ಗಡಿಯಾರ ನೋಡಿ ಅಳೆಯಬೇಕು. ಅನಂತರವೇ ದರ ಕಟ್ಟಬೇಕು. ಲೆಕ್ಕದ ಅನುಕೂಲಕ್ಕಾಗಿ 8 ಗಂಟೆಯ ದಿನಕ್ಕೆ ರೂ. 480 ಎಂದು ಇಟ್ಟುಕೊಳ್ಳೋಣ. (ಇದು ಉದಾಹರಣೆ ಮಾತ್ರ, ಚಾಲ್ತಿಯಲ್ಲಿರುವ ದರವನ್ನು ಸರ್ಕಾರದ ಅಧಿಸೂಚನೆಯಿಂದಲೇ ತಿಳಿಯಬೇಕು. ತುಟ್ಟಿಭತ್ಯೆಯು ಪ್ರತಿ ವರ್ಷ ಏಪ್ರಿಲ್ 1ರಿಂದ ಪರಿಷ್ಕರಣೆಯಾಗುತ್ತದೆ.) ಆಗ ಗಂಟೆಗೆ ರೂ. 60, ನಿಮಿಷಕ್ಕೆ ರೂ. 1 ಆಗುತ್ತದೆ.

ಒಂದು ಕೋಣೆ ಮತ್ತು ಅದರ ಶೌಚಾಲಯಕ್ಕೆ 75 ನಿಮಿಷ ಹಿಡಿದರೆ 4 ಕೋಣೆಗಳಿಗೆ 300 ನಿಮಿಷ. ಜಗಲಿ, ಅಂಗಳ, ಊಟದ ಕೋಣೆಗೆ 60 ನಿಮಿಷ. ಒಟ್ಟು 360 ನಿಮಿಷಕ್ಕೆ ರೂ. 360. ಇದೇ ಕೆಲಸಕ್ಕೆ ಕೋಣೆಗೆ ರೂ. 50ರಂತೆ ಕೊಟ್ಟರೆ ಆಕೆಗೆ ಸಿಗುವುದು ರೂ. 200, ರೂ. 160 ಕೊರತೆ. ಜಗಲಿ, ಅಂಗಳದ ಕೆಲಸವಂತೂ ಲೆಕ್ಕಕ್ಕೇ ಬಂದಿಲ್ಲ. ಇಡೀ ದಿನಕ್ಕೆಂದು ಕರೆಸಿಕೊಂಡಿದ್ದರೆ ಸಲ್ಲಬೇಕಾದದ್ದು ಪೂರ್ಣ ರೂ. 480.

3. ತೋಟದ ಆಳೇ ಕೋಣೆಯ ಆಳಾದಾಗ

ನಮ್ಮ ಭಾಗದಲ್ಲಿ ಹೆಚ್ಚು ಗಮನಿಸಬೇಕಾದ ಸಂಗತಿ ಇದು. ಅನೇಕ ಹೋಂ ಸ್ಟೇಗಳು ಕಾಫಿ ತೋಟದೊಳಗೇ ಇವೆ. ಕಾಫಿ ಕೊಯ್ಲು ಮತ್ತು ಪ್ರವಾಸಿಗರ ದಟ್ಟಣೆ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬರುತ್ತವೆ. ಹಗಲೆಲ್ಲ ಹಣ್ಣು ಕೊಯ್ದ ಮಹಿಳೆಯನ್ನೇ ಸಂಜೆ ಕೋಣೆ ಸಜ್ಜುಗೊಳಿಸಲು ಕರೆಯುವುದುಂಟು. ಆಕೆ ಲೈನ್ ಮನೆಯಲ್ಲಿ ವಾಸಿಸುವವಳಾದರೆ ಇಲ್ಲವೆನ್ನುವುದು ಕಷ್ಟ. ಒಂದೇ ಮಾಲೀಕರಲ್ಲಿ 8 ಗಂಟೆಯ ಸಾಮಾನ್ಯ ದುಡಿಮೆ ಮುಗಿಸಿದ ಬಳಿಕ 2 ಗಂಟೆ ಕೋಣೆಯ ಕೆಲಸ ಮಾಡಿದರೆ, ಮೇಲಿನ ಉದಾಹರಣೆಯ ದರದಲ್ಲಿ ಗಂಟೆಗೆ ರೂ. 120ರಂತೆ ರೂ. 240 ಹೆಚ್ಚುವರಿಯಾಗಿ ಸಲ್ಲಬೇಕು. ಕೈಗೆ ಹಾಕುವ ಐವತ್ತು ರೂಪಾಯಿ, ಒಂದು ಊಟ ಅಥವಾ ಅತಿಥಿಗಳ ಭಕ್ಷೀಸು ಇದಕ್ಕೆ ಬದಲಿಯಾಗದು. ಲೈನ್ ಮನೆ ಕೊಟ್ಟಿರುವುದೂ ಈ ದುಡಿಮೆಯ ಕೂಲಿಯಲ್ಲ.

ಮುಂಗಡದ ವಿಷಯದಲ್ಲೂ ಎಚ್ಚರ ಬೇಕು. ಮುಂಗಡ ತೀರುವವರೆಗೆ ಕಡಿಮೆ ಕೂಲಿಗೆ ದುಡಿಯಬೇಕು, ಬೇರೆಡೆ ಹೋಗಕೂಡದು ಎಂಬ ಷರತ್ತಿದ್ದರೆ ಅದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ.

4. ಪಾವತಿ ಮತ್ತು ಕಡಿತ

ವೇತನ ಸಂಹಿತೆಯ ಪ್ರಕಾರ ದಿನಗೂಲಿಯನ್ನು ಅಂದಿನ ಕೆಲಸ ಮುಗಿದಾಗ, ವಾರದ ಕೂಲಿಯನ್ನು ವಾರದ ರಜೆಗೆ ಮೊದಲು, ತಿಂಗಳ ವೇತನವನ್ನು ಮುಂದಿನ ತಿಂಗಳ 7ನೇ ದಿನ ಮುಗಿಯುವುದರೊಳಗೆ ಪಾವತಿಸಬೇಕು. ಟವೆಲ್ ಕಾಣೆಯಾಯಿತು, ಲೋಟ ಒಡೆಯಿತು ಎಂದು ಕೇಳದೆ ಕೂಲಿ ಹಿಡಿಯುವಂತಿಲ್ಲ. ಆಕೆಯ ವಶಕ್ಕೆ ಒಪ್ಪಿಸಿದ ವಸ್ತು ಆಕೆಯ ನಿರ್ಲಕ್ಷ್ಯದಿಂದಲೇ ನಷ್ಟವಾಗಿರಬೇಕು. ಕಡಿತಕ್ಕೆ ಮೊದಲು ಆಕೆಯ ಹೇಳಿಕೆಗೆ ಅವಕಾಶವಿರಬೇಕು.

5. ಮಳೆಗಾಲದ ಪ್ರಶ್ನೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅತಿಥಿಗಳು ಕಡಿಮೆಯೆಂಬುದು ಮಾಲೀಕರ ನಿಜವಾದ ಕಷ್ಟ. ಆದರೆ ಮಳೆಗಾಲದಲ್ಲಿ ಕೋಣೆಗಳಿಗೆ ಬೂಷ್ಟು ಹಿಡಿಯುತ್ತದೆ, ಹಾಸಿಗೆಗಳು ಮುಗ್ಗುತ್ತವೆ. ಕೆಲಸ ಪೂರ್ಣವಾಗಿ ನಿಲ್ಲುವುದಿಲ್ಲ. ವಾರಕ್ಕೆ ಇಂತಿಷ್ಟು ದಿನಗಳ ಕೆಲಸ ಖಚಿತವೆಂದು ಮೊದಲೇ ಬರೆದುಕೊಟ್ಟರೆ ಇಬ್ಬರಿಗೂ ನಿಶ್ಚಿಂತೆ. ಒಂದೇ ಮನೆಗೆ ದಿನವಿಡೀ ಕೆಲಸ ಇಲ್ಲದಿದ್ದಲ್ಲಿ ಅಕ್ಕಪಕ್ಕದ ಮೂರು ನಾಲ್ಕು ಹೋಂ ಸ್ಟೇಗಳು ಸಂಜೀವಿನಿ ಒಕ್ಕೂಟದ ಮೂಲಕ ಸರದಿಯ ಪ್ರಕಾರ ಕೆಲಸ ಹಂಚಿ, ಗಂಟೆಗಳ ಅನುಪಾತದಲ್ಲಿ ವೇತನ ಭರಿಸಬಹುದು.

6. ಪಂಚಾಯಿತಿ ಏನು ಮಾಡಬಹುದು?

ವೇತನ ನಿಗದಿಪಡಿಸುವ ಅಥವಾ ದಂಡ ವಿಧಿಸುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇಲ್ಲ. ಆದರೂ ಈ ಕ್ರಮಗಳು ನಮ್ಮ ಕೈಯಲ್ಲೇ ಇವೆ.

• ಚಾಲ್ತಿಯಲ್ಲಿರುವ ಕನಿಷ್ಠ ವೇತನ ದರವನ್ನು ಕಾರ್ಮಿಕ ಇಲಾಖೆಯಿಂದ ಪಡೆದು ಸೂಚನಾ ಫಲಕದಲ್ಲಿ ಪ್ರಕಟಿಸುವುದು. ಮಹಿಳಾ ಗ್ರಾಮ ಸಭೆಯಲ್ಲಿ ಓದಿ ಹೇಳುವುದು.
• ಹೋಂ ಸ್ಟೇ ಮಾಲೀಕರ ಸಭೆ ಕರೆದು, ಹಾಜರಾತಿ ಮತ್ತು ಪಾವತಿಯ ಪುಸ್ತಕ ಇಡುವಂತೆ ಒಪ್ಪಿಸುವುದು.
• ಅರ್ಹರನ್ನು ಇ-ಶ್ರಮ್‌ನಲ್ಲಿ ನೋಂದಾಯಿಸಲು ನೆರವಾಗುವುದು.
• ದೂರು ಬಂದಲ್ಲಿ ಬರಹದಲ್ಲಿ ಪಡೆದು ಕಾರ್ಮಿಕ ನಿರೀಕ್ಷಕರಿಗೆ ಕಳುಹಿಸುವುದು. ಸದಸ್ಯರೇ ರಾಜಿ ಮಾಡಿಸಿ ಕನಿಷ್ಠ ದರಕ್ಕಿಂತ ಕಡಿಮೆಗೆ ಒಪ್ಪಿಸುವುದು ಸಲ್ಲದು; ಅಂತಹ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ.

ನಮ್ಮ ಸದಸ್ಯರಲ್ಲಿ ಹೋಂ ಸ್ಟೇ ನಡೆಸುವವರೂ ಇದ್ದಾರೆ, ಕೂಲಿಗೆ ಹೋಗುವವರೂ ಇದ್ದಾರೆ. ಒಂದೇ ಮೇಜಿನ ಸುತ್ತ ಕುಳಿತು ಈ ಲೆಕ್ಕ ಮಾಡಲು ಗ್ರಾಮ ಪಂಚಾಯಿತಿಗಿಂತ ತಕ್ಕ ಸ್ಥಳ ಇನ್ನೊಂದಿಲ್ಲ. ಹೋಂ ಸ್ಟೇ ಹೊಂದಿರುವ ಸದಸ್ಯರು ಮೊದಲು ತಮ್ಮ ಮನೆಯ ಪಾವತಿ ಪುಸ್ತಕವನ್ನು ಸರಿಪಡಿಸಿಕೊಂಡಲ್ಲಿ ಉಳಿದವರಿಗೆ ಹೇಳುವ ಮಾತಿಗೆ ಬಲ ಬರುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ವ್ಯಾಪ್ತಿಯಲ್ಲಿ ಎಷ್ಟು ಹೋಂ ಸ್ಟೇಗಳಿವೆ? ಅವುಗಳಲ್ಲಿ ಶುಚಿತ್ವದ ಕೆಲಸ ಮಾಡುವವರೆಷ್ಟು?
2. ಒಂದು ಕೋಣೆಯ ಶುಚಿತ್ವಕ್ಕೆ ಹಿಡಿಯುವ ಸಮಯವನ್ನು ಯಾರಾದರೂ ಅಳೆದಿದ್ದಾರೆಯೇ? ಈಗಿನ ದರ ಆ ಸಮಯಕ್ಕೆ ತಕ್ಕುದಾಗಿದೆಯೇ?
3. ತೋಟ ಮತ್ತು ಕೋಣೆ ಎರಡೂ ಕಡೆ ದುಡಿಯುವವರ ಒಟ್ಟು ಗಂಟೆಗಳನ್ನು ಯಾರು ದಾಖಲಿಸುತ್ತಿದ್ದಾರೆ?

ಮುಂದಿನ ಸಾಮಾನ್ಯ ಸಭೆಯಲ್ಲಿ ಇವುಗಳನ್ನು ಚರ್ಚಿಸಿ, ತೀರ್ಮಾನಗಳನ್ನು ನಡವಳಿಯಲ್ಲಿ ದಾಖಲಿಸಬೇಕೆಂದು ಕೋರಲಾಗಿದೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ