ಹಲ್ಲು ಕೀಳಿಸುವ ಮುನ್ನ



ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಮೊದಲು ಅದರ ಬಾಯಿ ಬಿಡಿಸಿ ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ತಿಳಿದ ಮೇಲೆಯೇ ವ್ಯಾಪಾರದ ಮಾತು. ಹಲ್ಲು ಸವೆದ ಎತ್ತು ಮೇವು ಅರೆಯಲಾರದು. ಮೇವು ಅರೆಯದ ಎತ್ತು ನೊಗ ಎಳೆಯಲಾರದು. ಇದು ನಮಗೆಲ್ಲ ಗೊತ್ತು. ಆದರೆ ನಮ್ಮ ಬಾಯಿಯನ್ನು, ನಮ್ಮ ಮಕ್ಕಳ ಬಾಯಿಯನ್ನು ವರ್ಷಕ್ಕೊಮ್ಮೆಯಾದರೂ ಬೆಳಕಿಗೆ ಹಿಡಿದು ನೋಡುವವರು ಎಷ್ಟು ಮಂದಿ? ರಾತ್ರಿಯೆಲ್ಲ ದವಡೆ ಹಿಡಿದು ಕುಳಿತು, ಬೆಳಗಾದ ಮೇಲೆ ಆಸ್ಪತ್ರೆಗೆ ಹೋಗಿ "ಕಿತ್ತುಬಿಡಿ ಸ್ವಾಮಿ" ಎನ್ನುವುದೇ ನಮ್ಮ ವಾಡಿಕೆ. ಕೆಲವು ತಿಂಗಳು ಮೊದಲೇ ಹೋಗಿದ್ದರೆ ಅಂಥ ಎಷ್ಟೋ ಹಲ್ಲುಗಳು ಉಳಿಯುತ್ತಿದ್ದವು.

ಹಲ್ಲು ಹುಳುಕಾಗುವುದು ಹೇಗೆ?

ಹಲ್ಲಿಗೆ ಮೂರು ಪದರಗಳುಂಟು. ಮೇಲಿನ ಬಿಳಿಯ ಕವಚ ನಮ್ಮ ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ಅದರ ಕೆಳಗಿನ ಪದರ ಸ್ವಲ್ಪ ಮೆದು. ನಡುವೆ ರಕ್ತನಾಳವೂ ನರವೂ ಇರುವ ಜೀವದ ತಿರುಳು.

ಹಲ್ಲಿನ ಮೇಲೆ ಕೂರುವ ಅಂಟಾದ ಪಾಚಿಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿರುತ್ತವೆ. ಬೆಲ್ಲ, ಸಕ್ಕರೆ, ಬಿಸ್ಕತ್ತು, ಮಿಠಾಯಿಗಳ ಅಂಶ ಸಿಕ್ಕಿತೆಂದರೆ ಅವು ಹುಳಿಯನ್ನು, ಅಂದರೆ ಆಮ್ಲವನ್ನು ಉಂಟುಮಾಡುತ್ತವೆ. ಆ ಆಮ್ಲ ಕವಚವನ್ನು ಕರಗಿಸುತ್ತದೆ. ಒಂದು ಸಲ ಸಿಹಿ ತಿಂದರೆ ಸುಮಾರು ಅರ್ಧ ಗಂಟೆಯ ಕಾಲ ಈ ಕೆಲಸ ನಡೆಯುತ್ತದೆ. ಆದುದರಿಂದ ಎಷ್ಟು ಸಿಹಿ ತಿಂದೆವು ಎಂಬುದಕ್ಕಿಂತ, ದಿನಕ್ಕೆ ಎಷ್ಟು ಸಲ ತಿಂದೆವು ಎಂಬುದೇ ಮುಖ್ಯ. ಊಟದ ಜೊತೆ ಹೋಳಿಗೆ ತಿಂದ ಮಗುವಿಗಿಂತ, ದಿನವಿಡೀ ಮಿಠಾಯಿ ಚೀಪುವ ಮಗುವಿನ ಹಲ್ಲು ಬೇಗ ಕೆಡುತ್ತದೆ.

ಬೀಜದ ಹೊಗೆ ಹಾಕಿಸಿದರೆ ಹಲ್ಲಿನಿಂದ ಹುಳು ಉದುರುತ್ತದೆಂದು ನಂಬುವವರಿದ್ದಾರೆ. ಹಲ್ಲಿನಲ್ಲಿ ಅಂಥ ಹುಳು ಇರುವುದೇ ಇಲ್ಲ. ಬಿಸಿಗೆ ಸಿಡಿದ ಬೀಜದ ಎಳೆಮೊಳಕೆಯೇ ಹುಳುವಿನಂತೆ ಕಾಣುತ್ತದೆ. ಹೊಗೆಯಿಂದ ನೋವು ತಗ್ಗಿದಂತಾದರೂ ಕುಳಿ ಹಾಗೆಯೇ ಉಳಿದು ಆಳಕ್ಕೆ ಇಳಿಯುತ್ತದೆ.

ಯಾವ ಹಂತಕ್ಕೆ ಯಾವ ಚಿಕಿತ್ಸೆ?

ಕೆರೆ ಏರಿಯ ಬಿರುಕನ್ನು ಮೊದಲೇ ಕಂಡರೆ ಒಂದು ಬುಟ್ಟಿ ಮಣ್ಣು ಸಾಕು; ಕೋಡಿ ಒಡೆದ ಮೇಲೆ ಊರೇ ಸೇರಬೇಕು. ಹಲ್ಲಿನ ವಿಷಯವೂ ಇಷ್ಟೇ.

೧. ಸುಣ್ಣದಂಥ ಬಿಳಿ ಮಚ್ಚೆ. ಕುಳಿ ಇನ್ನೂ ಬಿದ್ದಿಲ್ಲ. ಸರಿಯಾಗಿ ಹಲ್ಲುಜ್ಜಿ, ಸಿಹಿ ಕಡಿಮೆ ಮಾಡಿ, ವೈದ್ಯರಿಂದ ಫ್ಲೋರೈಡ್ ಲೇಪನ ಮಾಡಿಸಿದರೆ ಕವಚ ಮತ್ತೆ ಗಟ್ಟಿಯಾಗಬಹುದು.

೨. ಕುಳಿ ಬಿದ್ದು, ತಣ್ಣೀರು, ಸಿಹಿ ತಗುಲಿದಾಗ ಚುಳ್ಳೆನ್ನುವುದು. ವೈದ್ಯರು ಹುಳುಕನ್ನು ಕೆರೆದು ತೆಗೆದು, ಹಲ್ಲಿನ ಬಣ್ಣದ ಸಿಮೆಂಟನ್ನೋ ಬೇರೆ ವಸ್ತುವನ್ನೋ ತುಂಬುತ್ತಾರೆ. ಸಾಮಾನ್ಯವಾಗಿ ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸ. ಹೋಗಬೇಕಾದ ಹೊತ್ತು ಇದೇ.

೩. ರಾತ್ರಿ ತಾನಾಗಿ ಏಳುವ, ಮಿಡಿಯುವ ನೋವು. ಕೊಳೆತ ತಿರುಳಿಗೆ ತಲುಪಿದೆ. ಈಗಲೂ ಹಲ್ಲನ್ನು ಉಳಿಸಬಹುದು. ಕೆಟ್ಟ ತಿರುಳನ್ನು ತೆಗೆದು, ಬೇರಿನ ನಾಳವನ್ನು ಶುದ್ಧಮಾಡಿ ಮುಚ್ಚುತ್ತಾರೆ. ಇದೇ ಬೇರುನಾಳ ಚಿಕಿತ್ಸೆ. ಇದಾದ ಮೇಲೆ ದವಡೆಹಲ್ಲು ಸೀಳದಂತೆ ಅದರ ಮೇಲೆ ಟೋಪಿ ಕೂರಿಸಬೇಕಾಗುವುದು. ಖರ್ಚೂ ಓಡಾಟವೂ ಹೆಚ್ಚು. ಒಂದು ಎಚ್ಚರಿಕೆ: ಈ ಹಂತದಲ್ಲಿ ನೋವು ತಾನಾಗಿ ನಿಂತರೆ ವಾಸಿಯಾಯಿತೆಂದು ತಿಳಿಯಬೇಡಿ. ನರ ಸತ್ತಿರಬಹುದು, ಕೀವು ಒಳಗೇ ಕಟ್ಟುತ್ತಿರಬಹುದು.

೪. ಹಲ್ಲು ಬೇರಿನವರೆಗೆ ಮುರಿದಿದ್ದರೆ, ಇಲ್ಲವೆ ಆಧಾರದ ಮೂಳೆ ಕರಗಿ ಅಲ್ಲಾಡುತ್ತಿದ್ದರೆ ಕೀಳುವುದೇ ದಾರಿ. ಮರಗಟ್ಟಿಸುವ ಸೂಜಿ ಹಾಕಿ ಕೀಳುವುದರಿಂದ ನೋವು ತಿಳಿಯದು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಂಬುದು ಸುಳ್ಳು. ಕಣ್ಣಿನ ದೃಷ್ಟಿಯ ನರವೇ ಬೇರೆ. ಕಿತ್ತ ಮೇಲೆ ಹತ್ತಿಯನ್ನು ಅರ್ಧ ಗಂಟೆ ಕಚ್ಚಿ ಹಿಡಿಯಿರಿ. ಆ ದಿನ ಉಗುಳುವುದು, ಬಾಯಿ ಮುಕ್ಕಳಿಸುವುದು, ಬೀಡಿ, ಹೊಗೆಸೊಪ್ಪು ಬೇಡ. ಮಾರನೆಯ ದಿನದಿಂದ ಉಗುರುಬೆಚ್ಚನೆಯ ಉಪ್ಪುನೀರಿನಿಂದ ಮುಕ್ಕಳಿಸಿ. ಖಾಲಿ ಜಾಗವನ್ನು ಹಾಗೆಯೇ ಬಿಟ್ಟರೆ ಅಕ್ಕಪಕ್ಕದ ಹಲ್ಲು ವಾಲುತ್ತವೆ. ಕಟ್ಟುಹಲ್ಲಿನ ವಿಷಯವಾಗಿ ವೈದ್ಯರನ್ನು ಕೇಳಿ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಕಾಯಿಲೆ ಇರುವವರು, ರಕ್ತ ತಿಳಿಯಾಗಿಸುವ ಮಾತ್ರೆ ನುಂಗುವವರು, ಬಸುರಿಯರು ಆ ಸಂಗತಿಯನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು.

ವಸಡು ಹಲ್ಲಿನ ಬುಡದ ಮಣ್ಣು

ಬುಡದ ಮಣ್ಣು ಕೊಚ್ಚಿಹೋದ ಗಿಡ ನಿಲ್ಲದು. ಪಾಚಿ ಗಟ್ಟಿಯಾಗಿ ಕಿಟ್ಟ ಕಟ್ಟಿದರೆ ವಸಡು ಊದಿ ರಕ್ತ ಒಸರುತ್ತದೆ. ಕಾಲಕ್ರಮೇಣ ಒಳಗಿನ ಮೂಳೆ ಕರಗಿ, ಹುಳುಕಿಲ್ಲದ ಹಲ್ಲೂ ಅಲ್ಲಾಡುತ್ತದೆ. ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುವುದೆಂಬ ಹೆದರಿಕೆ ನಮ್ಮಲ್ಲುಂಟು. ಹಲ್ಲು ಮೊದಲೇ ಸಡಿಲವಾಗಿರುತ್ತದೆ. ಕಿಟ್ಟ ಅದನ್ನು ಮರೆಮಾಡಿರುತ್ತದೆ, ಅಷ್ಟೆ. ಇದ್ದಿಲು, ಇಟ್ಟಿಗೆ ಪುಡಿ, ಮರಳಿನಿಂದ ಉಜ್ಜಿದರೆ ಕವಚ ಸವೆಯುತ್ತದೆ. ಬೇವಿನ ಕಡ್ಡಿ ಉಪಯೋಗಿಸುವವರು ತುದಿಯನ್ನು ಚೆನ್ನಾಗಿ ಅಗಿದು ಮೆತ್ತಗೆ ಮಾಡಿಕೊಂಡು, ವಸಡಿಗೆ ಗಾಯವಾಗದಂತೆ ಉಜ್ಜಬೇಕು.

ಎಲೆ ಅಡಿಕೆ, ಹೊಗೆಸೊಪ್ಪು

ಅಡಿಕೆ ನಮ್ಮ ಎಷ್ಟೋ ರೈತರ ಬೆಳೆ. ಆದರೂ ಸತ್ಯ ಹೇಳಬೇಕು. ಹೊಗೆಸೊಪ್ಪಿನಿಂದಲೂ ಅಡಿಕೆ ಅಗಿಯುವುದರಿಂದಲೂ ಬಾಯಿಯ ಕ್ಯಾನ್ಸರ್ ಬರುತ್ತದೆ. ಕರ್ನಾಟಕದಲ್ಲಿ ೨೦೧೩ರಲ್ಲಿ ಗುಟ್ಕಾ ನಿಷೇಧವಾದುದು ಸುಮ್ಮನೆ ಅಲ್ಲ. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಖಾರ ತಾಳಲಾರದ ಉರಿ, ಬಾಯಿ ಪೂರಾ ತೆರೆಯಲಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ತೋರಿಸಿ. ನೋವಿಲ್ಲವೆಂದು ಸುಮ್ಮನಿರಬೇಡಿ.

ಮಕ್ಕಳ ಹಲ್ಲು

ಹಾಲುಹಲ್ಲು ೨೦, ಶಾಶ್ವತ ಹಲ್ಲು ೩೨. ಸುಮಾರು ಆರನೆಯ ವರ್ಷದಲ್ಲಿ ಹಾಲುಹಲ್ಲುಗಳ ಹಿಂದೆ ಒಂದು ದವಡೆಹಲ್ಲು ಹುಟ್ಟುತ್ತದೆ. ಯಾವ ಹಲ್ಲೂ ಬೀಳದೆ ಹುಟ್ಟುವುದರಿಂದ ತಾಯಂದಿರು ಅದನ್ನು ಹಾಲುಹಲ್ಲೆಂದೇ ತಿಳಿಯುತ್ತಾರೆ. ಅದು ಶಾಶ್ವತ ಹಲ್ಲು; ಹೋದರೆ ಮತ್ತೆ ಬಾರದು.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ೧.೫ ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಅಂಥ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಮೂಡುತ್ತದೆ. ಕಾಯಿಸಿದರೆ ಫ್ಲೋರೈಡ್ ಹೋಗದು. ನೀರು ಇಂಗಿ ಇನ್ನೂ ಹೆಚ್ಚುತ್ತದೆ. ನೀರನ್ನು ಪರೀಕ್ಷೆ ಮಾಡಿಸಿ, ಶುದ್ಧೀಕರಿಸಿದ ನೀರನ್ನೇ ಮಕ್ಕಳಿಗೆ ಕೊಡಿ.

ಆಟದಲ್ಲಿ ಬಿದ್ದೋ, ಎತ್ತಿನ ಕೊಂಬು ತಗುಲಿಯೋ ಶಾಶ್ವತ ಹಲ್ಲು ಬೇರುಸಹಿತ ಕಿತ್ತು ಬಂದರೆ ಎಸೆಯಬೇಡಿ. ಬೇರನ್ನು ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರ ಬಳಿ ಹೋಗಿ. ಅದನ್ನು ಮತ್ತೆ ನಾಟಿ ಹಾಕಬಹುದು.

ಅದೇ ದಿನ ಆಸ್ಪತ್ರೆಗೆ

ಹಲ್ಲುನೋವಿನ ಜೊತೆ ಕೆನ್ನೆ ಅಥವಾ ಗಂಟಲಿನ ಕೆಳಗೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಅದು ಜೀವಕ್ಕೆ ಅಪಾಯ. ಸೀಮೆಎಣ್ಣೆ, ನಶ್ಯ ಇಟ್ಟು ಕಾಯಬೇಡಿ. ಲವಂಗದ ಎಣ್ಣೆ ನೋವನ್ನು ಸ್ವಲ್ಪ ಹೊತ್ತು ತಗ್ಗಿಸೀತು, ಕೀವನ್ನು ಗುಣಪಡಿಸದು.

ನಿತ್ಯದ ನಿಯಮ

೧. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಎರಡೆರಡು ನಿಮಿಷ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿರಿ. ರಾತ್ರಿಯದನ್ನು ತಪ್ಪಿಸಬೇಡಿ.
೨. ಫ್ಲೋರೈಡ್ ಇರುವ ಪೇಸ್ಟು ಬಟಾಣಿ ಕಾಳಿನಷ್ಟು ಸಾಕು; ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು. ನುಂಗದಂತೆ ನೋಡಿಕೊಳ್ಳಿ.
೩. ಊಟವಾದ ಮೇಲೆ ಬಾಯಿ ಮುಕ್ಕಳಿಸಿ.
೪. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟೇ ಮಗುವನ್ನು ಮಲಗಿಸಬೇಡಿ.

ಸುಗ್ಗಿ ಮುಗಿದ ಬಿಡುವಿನಲ್ಲಿ ಒಂದು ದಿನ ಮನೆಮಂದಿಯನ್ನೆಲ್ಲ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿಕೊಂಡು ಬನ್ನಿ. ನೋವಿಲ್ಲದಾಗ ಹೋದವನಿಗೆ ಹಲ್ಲು ಉಳಿಯುತ್ತದೆ, ಹಣವೂ ಉಳಿಯುತ್ತದೆ. ರಾಗಿ ರೊಟ್ಟಿಯನ್ನು ಅಗಿದು ತಿನ್ನುವ ಸುಖ ಮುಪ್ಪಿನಲ್ಲಿಯೂ ಬೇಕೆಂದರೆ ಅದಕ್ಕೆ ಬಿತ್ತನೆ ಇಂದೇ ಆಗಬೇಕು.