ಬಿಸಿ ಇರುವಾಗಲೇ ಸುತ್ತು

ಮನೆಗೆ ಓವನ್ ಬಂದ ಕೂಡಲೇ ಜಾಮ್ ರೋಲ್ ಮಾಡಬೇಕೆಂದು ಹಟ ಹಿಡಿದಿದ್ದೀ. ಮಾಡವ್ವ. ಹಿಟ್ನಾಳದಿಂದ ಒಂದು ರೋಲಿಗಾಗಿ ಕೊಪ್ಪಳಕ್ಕೋ ಹೊಸಪೇಟೆಗೋ ಬಸ್ಸು ಹತ್ತುವುದೇಕೆ? ಆದರೆ ಒಂದು ಮಾತು ನೆನಪಿರಲಿ. ಈ ಕೇಕು ಬಹಳ ಸಲ ಕೆಡುವುದು ಚೆನ್ನಾಗಿ ಬೆಂದು ಓವನ್ನಿನಿಂದ ಹೊರಗೆ ಬಂದ ಮೇಲೆ.

ರೊಟ್ಟಿ ಬಡಿಯುವ ಮನೆಯವಳು ನೀನು. ಹಂಚಿನಿಂದ ಇಳಿದ ಬಿಸಿ ಜೋಳದ ರೊಟ್ಟಿಯನ್ನು ನಾಲ್ಕು ಮಡಿಕೆ ಮಾಡಬಹುದು. ಅದೇ ರೊಟ್ಟಿ ಒಣಗಿದರೆ ಮುಟ್ಟಿದಲ್ಲಿ ಮುರಿಯುತ್ತದೆ. ಕೇಕಿನ ಗುಣವೂ ಅದೇ. ಬಿಸಿಯಾಗಿರುವಾಗ ಮೈದಾದ ಪಿಷ್ಟ ಮೆತ್ತಗಿರುತ್ತದೆ, ಒಳಗಿನ ಪಸೆಯೂ ಉಳಿದಿರುತ್ತದೆ. ಆರುತ್ತಾ ಹೋದಂತೆ ಪಿಷ್ಟ ಬಿಗಿದು, ಆಗ ಯಾವ ಆಕಾರದಲ್ಲಿದೆಯೋ ಅದನ್ನೇ ಹಿಡಿದುಕೊಳ್ಳುತ್ತದೆ. ಹಾಗಾಗಿ ಅದು ಸುರುಳಿಯಾಗಿಯೇ ಆರಬೇಕು.

ಅಳತೆ ಸುಲಭ. 3 ತತ್ತಿ, 75 ಗ್ರಾಂ ಪುಡಿ ಮಾಡಿದ ಸಕ್ಕರೆ, 75 ಗ್ರಾಂ ಮೈದಾ. ಟ್ರೇ ಸುಮಾರು 33 ಸೆಂ.ಮೀ. ಉದ್ದ, 23 ಸೆಂ.ಮೀ. ಅಗಲ ಇರಲಿ, ತಳಕ್ಕೆ ಬಟರ್ ಪೇಪರ್ ಹಾಸು. ಸೋಡಾ, ಬೇಕಿಂಗ್ ಪೌಡರ್ ಬೇಡ. ತತ್ತಿಯೊಳಗೆ ನೀನು ತುಂಬಿದ ಗಾಳಿಯೇ ಕೇಕನ್ನು ಉಬ್ಬಿಸುತ್ತದೆ. ಅದಕ್ಕೇ ತತ್ತಿ-ಸಕ್ಕರೆ ಕಡೆಯುವಾಗ ಅವಸರ ಮಾಡಬೇಡ. ಹಳದಿ ಹೋಗಿ ಬೆಣ್ಣೆಯ ಬಣ್ಣ ಬರಬೇಕು. ಬೀಟರ್ ಎತ್ತಿದರೆ ಕೆಳಗೆ ಬಿದ್ದ ಎಳೆ ತಕ್ಷಣ ಮುಳುಗದೆ ಮೇಲೆಯೇ ಗೆರೆಯಾಗಿ ನಿಲ್ಲಬೇಕು. ಆಮೇಲೆ ಬೀಟರ್ ಬದಿಗಿಟ್ಟು, ಮೈದಾವನ್ನು ಎರಡು ಮೂರು ಸಲಕ್ಕೆ ಜರಡಿ ಹಿಡಿದು, ಅಗಲವಾದ ಚಮಚದಿಂದ ತಳದಿಂದ ಮೇಲಕ್ಕೆ ಮಗುಚುತ್ತಾ ಸೇರಿಸು. ಜೋರಾಗಿ ತಿರುವಿದರೆ ಗಾಳಿಯೆಲ್ಲ ಹೋಗಿ ಕೇಕು ಚಪ್ಪಟೆಯಾಗುತ್ತದೆ.

ಓವನ್ ಮೊದಲೇ 200 ಡಿಗ್ರಿಗೆ ಕಾಯ್ದಿರಲಿ. 8ರಿಂದ 10 ನಿಮಿಷ ಸಾಕು. ಕೆಂಪಗಾಗಲಿ ಎಂದು ಕಾಯಬೇಡ, ಅಷ್ಟರಲ್ಲಿ ಅಂಚು ಬಿರುಸಾಗಿರುತ್ತದೆ. ಬೆರಳಿನಿಂದ ಒತ್ತಿದರೆ ಪುಟಿದು ಮೇಲೆ ಬಂತೆಂದರೆ ಆಯಿತು.

ಕೇಕು ಒಳಗಿರುವಾಗ ಫೋನ್ ಹಿಡಿದು ಕೂರಬೇಡ. ಇನ್ನೊಂದು ಬಟರ್ ಪೇಪರ್ ಮೇಲೆ ಸಕ್ಕರೆ ಉದುರಿಸಿಡು, ಚಾಕು ಹತ್ತಿರವಿರಲಿ. ಟ್ರೇ ಹೊರಗೆ ಬಂದದ್ದೇ ಆ ಕಾಗದದ ಮೇಲೆ ಬೋರಲು ಹಾಕು, ತಳದ ಕಾಗದ ಸುಲಿ, ನಾಲ್ಕೂ ಕಡೆಯ ಒಣ ಅಂಚು ಕತ್ತರಿಸಿ ತೆಗೆ. ಸೀಳು ಶುರುವಾಗುವುದು ಆ ಅಂಚಿನಿಂದಲೇ. ಆಮೇಲೆ ಕಾಗದದ ಸಮೇತ ಸುತ್ತಿ, ತೆಳ್ಳನೆ ಬಟ್ಟೆ ಹೊದಿಸಿ ಆರಲು ಬಿಡು. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಮೇಲೆ ಒಣ ಗಾಳಿ. ಫ್ಯಾನಿನ ಕೆಳಗಂತೂ ಇಡಲೇಬೇಡ. ತೆರೆದಿಟ್ಟರೆ ನೋಡನೋಡುತ್ತಲೇ ಒಣಗುತ್ತದೆ.

ಪೂರ್ತಿ ಆರಿದ ಮೇಲೆ ಮೆಲ್ಲಗೆ ಬಿಚ್ಚಿ, ಜಾಮ್ ತೆಳ್ಳಗೆ ಸವರಿ, ಮತ್ತೆ ಸುತ್ತು. ಕ್ರೀಮ್ ಆಸೆ ಬೇಸಿಗೆಗೆ ಬೇಡ, ಕರೆಂಟು ಹೋದರೆ ಸೋರಿಬಿಡುತ್ತದೆ. ಪೇರಲ ಹಣ್ಣನ್ನು ಬೇಯಿಸಿ, ಬೀಜ ಸೋಸಿ, ಸಕ್ಕರೆ ಹಾಕಿ ಗಟ್ಟಿಯಾಗುವವರೆಗೆ ಕುದಿಸಿದ ಜಾಮ್ ಇದಕ್ಕೆ ಬಹಳ ಒಪ್ಪುತ್ತದೆ. ಅಂಗಡಿಯ ಕೆಂಪು ಜಾಮಿಗಿಂತ ನನಗೆ ಅದೇ ಮೇಲು.

ನಮ್ಮ ಊರಿನಲ್ಲಿ ತತ್ತಿ ಮುಟ್ಟದ ಮನೆಗಳು ಬಹಳ. ಅಂಥವರ ಮನೆಗೆ ಕೊಡುವಾಗ ಕೇಳುವ ಮೊದಲೇ ಹೇಳಿಬಿಡು, ಅವರ ನಂಬಿಕೆ ದೊಡ್ಡದು. ಅವರಿಗೆಂದೇ ಮೊಸರು ಹಾಕಿ ಬೇರೆ ಕೇಕು ಮಾಡು, ಆದರೆ ಅದನ್ನು ಸುತ್ತಲು ಹೋಗಬೇಡ. ತತ್ತಿಯ ಬಲವಿಲ್ಲದೆ ಅದು ಬಾಗುವುದು ಕಷ್ಟ. ಮುಂದೆ ಮಾರುವ ವಿಚಾರ ಬಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮೊದಲು ಮಾಡಿಸು.

ಇಷ್ಟೆಲ್ಲ ಆಗಿಯೂ ಸೀಳಿತೆಂದರೆ ಎಸೆಯಬೇಡವ್ವ. ತುಂಡು ಮಾಡಿ ಬಟ್ಟಲಿಗೆ ಹಾಕು, ಮೇಲೆ ತಣ್ಣನೆ ಕಸ್ಟರ್ಡ್ ಸುರಿ, ನಾಲ್ಕು ಕಾಳು ದಾಳಿಂಬೆ ಉದುರಿಸಿ ಮಕ್ಕಳಿಗೆ ಕೊಡು.