ಹೊಲದಾಗ ಗಾಂಜಾ: 'ಔಷಧಿಗೆ' ಅಂದ್ರೂ ಲೈಸೆನ್ಸ್ ಬೇಕು

"ಮೆಡಿಕಲ್ ಗಾಂಜಾಕ್ಕ ಪರ್ಮಿಷನ್ ಐತಿ, ಕಬ್ಬಿನ ನಡುವೆ ನಾಲ್ಕು ಸಾಲು ಹಚ್ಚಿದ್ರ ಲಕ್ಷಗಟ್ಟಲೆ ಲಾಭ" ಅನ್ನೋ ಮಾತು ನಿಮ್ಮ ಮೊಬೈಲಿಗೂ ಬಂದಿರಬಹುದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ರೈತರು ನಂಬೋ ಮೊದಲು ಕಾನೂನು ತಿಳಿದುಕೊಳ್ಳಿ.

1. ಬೆಳೆಯುವುದು
1985ರ ಎನ್‌ಡಿಪಿಎಸ್ ಕಾಯ್ದೆಯ 8ನೇ ಕಲಂ ಪ್ರಕಾರ ಗಾಂಜಾ ಬೆಳೆಯುವುದು, ಇಟ್ಟುಕೊಳ್ಳುವುದು, ಮಾರುವುದು, ಸಾಗಿಸುವುದು, ಸೇದುವುದು ಎಲ್ಲವೂ ನಿಷಿದ್ಧ. ವೈದ್ಯಕೀಯ, ವೈಜ್ಞಾನಿಕ ಉದ್ದೇಶಕ್ಕೆ ವಿನಾಯಿತಿ ಇದೆ. ಆದರೆ ಅದಕ್ಕೆ ಸರ್ಕಾರದ ಲೈಸೆನ್ಸ್ ಇರಲೇಬೇಕು. ಲೈಸೆನ್ಸ್ ಇಲ್ಲದೆ ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. "ಎರಡೇ ಗಿಡ ಅದಾವ್ರಿ" ಅಂದ್ರೂ ಅಪರಾಧ ಅಪರಾಧವೇ. ಉತ್ತರಾಖಂಡದಲ್ಲಿ ನಾರಿಗಾಗಿ, ಟಿಎಚ್‌ಸಿ ಶೇ. 0.3ಕ್ಕಿಂತ ಕಡಿಮೆ ಇರುವ ತಳಿಗೆ ಲೈಸೆನ್ಸ್ ಕೊಡುತ್ತಾರೆ. ಆ ಕಾಗದ ನಮ್ಮ ಹೊಲಕ್ಕೆ ನಡೆಯೋದಿಲ್ಲ.

2. ಸಾಗಿಸುವುದು
ಗಾಂಜಾ 1 ಕೆಜಿವರೆಗೆ ಸಿಕ್ಕರೆ 1 ವರ್ಷದವರೆಗೆ ಸಜೆ. ಅದಕ್ಕಿಂತ ಹೆಚ್ಚಿದ್ದು 20 ಕೆಜಿಗಿಂತ ಕಡಿಮೆ ಇದ್ದರೆ 10 ವರ್ಷದವರೆಗೆ. ಅದನ್ನೂ ಮೀರಿದರೆ ಕನಿಷ್ಠ 10, ಗರಿಷ್ಠ 20 ವರ್ಷ. ಗಾಡಿಯೂ ಜಪ್ತಿ ಆಗ್ತದ. "ನನಗ ಗೊತ್ತಿರಲಿಲ್ಲ, ಎಚ್ಚರಿಕೆನೂ ತಗೊಂಡಿದ್ದೆ" ಅಂತ ಸಾಬೀತು ಮಾಡಬೇಕಾದವರು ಗಾಡಿ ಮಾಲೀಕರೇ. ಹಂಗಾಗಿ ಬಾಡಿಗೆಗೆ ಪಿಕಪ್ ಓಡಿಸೋರು ಚೀಲದಾಗ ಏನೈತಿ ಅಂತ ನೋಡದೆ ಹೇರಬ್ಯಾಡ್ರಿ.

3. ಲಾವಣಿಗೆ ಕೊಟ್ಟ ಹೊಲ
ಗೊತ್ತಿದ್ದೂ ಹೊಲ ಬಿಟ್ಟುಕೊಟ್ಟರೆ 25ನೇ ಕಲಂ ಪ್ರಕಾರ ಬೆಳೆದವನಿಗೆ ಇರುವ ಶಿಕ್ಷೆಯೇ ನಿಮಗೂ. ಹೊಲದಲ್ಲಿ ಅಕ್ರಮ ಗಾಂಜಾ ಬೆಳೆ ಇದ್ದರೆ ತಕ್ಷಣ ತಿಳಿಸುವುದು ಜಮೀನುದಾರನ ಕರ್ತವ್ಯ (46ನೇ ಕಲಂ). ಉತಾರ ಅಪ್ಪನ ಹೆಸರಲ್ಲಿದ್ದರೆ ಮೊದಲ ಪ್ರಶ್ನೆ ಅಪ್ಪನಿಗೇ ಬರ್ತದ. ಲಾವಣಿ ಹೊಲಕ್ಕೂ ತಿಂಗಳಿಗೊಮ್ಮೆ ನಡುಸಾಲಿನ ತನಕ ಹೋಗಿ ನೋಡಿ.

4. ಔಷಧಿ
ಆಯುರ್ವೇದದಲ್ಲಿ 'ವಿಜಯಾ' ಸೇರಿದ ಔಷಧಿಗಳಿವೆ. ಅವನ್ನು ಲೈಸೆನ್ಸ್ ಇರುವ ಕಂಪನಿಗಳು ಮಾತ್ರ ತಯಾರಿಸಬೇಕು, ವೈದ್ಯರ ಸಲಹೆ ಮೇರೆಗೇ ತೆಗೆದುಕೊಳ್ಳಬೇಕು. ಚೀಟಿ, ಬಿಲ್ಲು ಜೋಪಾನವಾಗಿಡಿ. ಆ ಚೀಟಿ ಗಿಡ ಬೆಳೆಯೋಕೆ ಪರವಾನಗಿ ಅಲ್ಲ.

ಗಿಡ ಕಂಡರೆ ಏನು ಮಾಡಬೇಕು?
ಕಿತ್ತು ಗಾಡ್ಯಾಗ ಹಾಕ್ಕೊಂಡು ಹೋಗಬ್ಯಾಡ್ರಿ, ಅದೂ ಸಾಗಾಟ ಅನ್ನಿಸಿಕೊಳ್ಳಬಹುದು. ಇದ್ದಲ್ಲೇ ಬಿಟ್ಟು ಫೋಟೋ ತೆಗೆಯಿರಿ. ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ತಗೊಳ್ಳಿ. 112 ಅಥವಾ ಮಾದಕವಸ್ತು ಸಹಾಯವಾಣಿ 1933ಕ್ಕೂ ಕರೆ ಮಾಡಬಹುದು.

ಈ ಮಾಹಿತಿಯನ್ನು ನಿಮ್ಮೂರಿನ ಗ್ರೂಪಿಗೂ ಕಳಿಸ್ರಿ.